ಓದುಗರ ಪ್ರಶ್ನೆ: ತಿರುಗುವ ತೊಟ್ಟಿಲು, ತಿರುಗುವ ತಲೆ

ಕೊಯ್ಲು ಮುಗಿದು, ಅಡಿಕೆ ಸುಲಿಯುವ ಕೆಲಸವೂ ಒಂದು ಹಂತಕ್ಕೆ ಬರುವಾಗ ಮಲೆನಾಡಿನಲ್ಲಿ ಜಾತ್ರೆಗಳ ಕಾಲ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ, ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಜಾತ್ರೆ, ಎರಡು ವರ್ಷಕ್ಕೊಮ್ಮೆ ಶಿವಮೊಗ್ಗದ ಕೋಟೆ ಮಾರಿಕಾಂಬೆ ಜಾತ್ರೆ, ನಡುವೆ ಊರೂರಿನ ತೇರು. ಬೆಂಡು ಬತ್ತಾಸಿನ ಸಾಲು ದಾಟಿದರೆ ಎದುರಿಗೇ ತಿರುಗುವ ಯಂತ್ರಗಳು. ಈ ಸಲದ ಪ್ರಶ್ನೆಗಳೆಲ್ಲ ಅವುಗಳ ಮೇಲೆಯೇ. ಯಂತ್ರ ಬಲ್ಲವರೂ ಕಿವಿಯ ವೈದ್ಯರೂ ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಬ್ರೇಕ್ ಡ್ಯಾನ್ಸ್‌ನಲ್ಲಿ ಒಂದೇ ಗಾಡಿಯಲ್ಲಿ ಎರಡು ಸಲ ಕೂತರೆ ಒಂದು ಸಲ ಹುಚ್ಚೆದ್ದು ತಿರುಗುತ್ತದೆ, ಇನ್ನೊಂದು ಸಲ ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ನಡೆಸುವವನು ಬೇಕೆಂದೇ ಹಾಗೆ ಮಾಡುತ್ತಾನಾ? ಹೆಚ್ಚು ತಿರುಗಬೇಕಾದರೆ ಎಲ್ಲಿ ಕೂರಬೇಕು?
– ಕಾಲೇಜು ವಿದ್ಯಾರ್ಥಿ, ಸಾಗರ

ಉತ್ತರ: ಪಾಪ, ಅವನ ಕೈಯಲ್ಲಿ ಅದು ಇಲ್ಲವೇ ಇಲ್ಲ. ಬ್ರೇಕ್ ಡ್ಯಾನ್ಸ್‌ನಲ್ಲಿ ಮೂರು ತಿರುಗಾಟಗಳಿವೆ. ಕೆಳಗಿನ ದೊಡ್ಡ ತಟ್ಟೆಯನ್ನು ಮೋಟಾರು ತಿರುಗಿಸುತ್ತದೆ. ತಟ್ಟೆಯ ಮೇಲೆ ನಾಲ್ಕು ಕೈಗಳ ಕ್ರಾಸ್‌ಗಳಿದ್ದು, ಅವು ತಟ್ಟೆಗೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಅವಕ್ಕೂ ಮೋಟಾರಿನ ಬಲವೇ. (ಕೆಲವು ಸಣ್ಣ ಯಂತ್ರಗಳಲ್ಲಿ ಕ್ರಾಸ್ ಇರುವುದಿಲ್ಲ, ತಟ್ಟೆ ಮತ್ತು ಗಾಡಿ ಅಷ್ಟೇ.) ಕೈಯ ತುದಿಯ ಗಾಡಿ ಮಾತ್ರ ಬರೀ ಬೇರಿಂಗ್ ಮೇಲೆ ಕೂತಿದೆ, ಅದಕ್ಕೆ ಮೋಟಾರಿಲ್ಲ. ಅದು ತಿರುಗುವುದು ನಿಮ್ಮ ಭಾರದಿಂದ.

ಹೇಗೆಂದರೆ, ಗಾಡಿಯ ಸೀಟು ಬೇರಿಂಗಿನ ನೇರ ಮೇಲಿಲ್ಲ, ಒಂದು ಪಕ್ಕಕ್ಕೆ ಸರಿದಿದೆ. ಹಾಗಾಗಿ ಕೂತವರ ಭಾರವೂ ಪಕ್ಕಕ್ಕೇ ಬೀಳುತ್ತದೆ. ತಟ್ಟೆ ಮತ್ತು ಕ್ರಾಸ್ ಎಳೆಯುವ ದಿಕ್ಕು ಗಳಿಗೆಗೊಮ್ಮೆ ಬದಲಾಗುವುದರಿಂದ ಆ ಭಾರ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತೂಗಿ, ಕೊನೆಗೆ ಪೂರ್ತಿ ಸುತ್ತು ಹೊಡೆಯುತ್ತದೆ. ಭಾರ ಹೆಚ್ಚಿದ್ದಷ್ಟೂ ಬೇರಿಂಗಿನ ಬಿಗಿಯನ್ನು ಮೀರುವುದು ಸುಲಭ. ಸಣ್ಣ ಮಗು ಒಂದೇ ಕೂತ ಗಾಡಿ ಸಾಮಾನ್ಯವಾಗಿ ಸುಮ್ಮನಿರುವುದು, ಮೂವರು ದೊಡ್ಡವರು ಕೂತದ್ದು ಗಿರಗಿರನೆ ಸುತ್ತುವುದು ಇದಕ್ಕೇ.

ಇನ್ನು ಒಂದು ಸಲದ ಹಾಗೆ ಇನ್ನೊಂದು ಸಲ ಇರದಿರುವುದಕ್ಕೆ ಕಾರಣ. ಇದೇ ಜಾತಿಯ ಹಳೆಯ ಯಂತ್ರವೊಂದಿದೆ, ಟಿಲ್ಟ್-ಎ-ವರ್ಲ್. 1926ರಲ್ಲಿ ಅಮೆರಿಕದ ಹರ್ಬರ್ಟ್ ಸೆಲ್ನರ್ ರೂಪಿಸಿದ್ದು. ಅದರ ಗಾಡಿಗಳಿಗೂ ಮೋಟಾರಿಲ್ಲ. 1994ರಲ್ಲಿ ಕೌಟ್ಜ್ ಮತ್ತು ಹಗರ್ಡ್ ಎಂಬ ಇಬ್ಬರು ಭೌತವಿಜ್ಞಾನಿಗಳು ಅದರ ಚಲನೆಯನ್ನು ಲೆಕ್ಕ ಹಾಕಿ, ಹೊರಡುವಾಗ ಗಾಡಿಯ ಮುಖ ಕೂದಲೆಳೆಯಷ್ಟು ಬೇರೆ ಇದ್ದರೂ ಸ್ವಲ್ಪ ಹೊತ್ತಿನಲ್ಲೇ ತಿರುಗಾಟ ಪೂರಾ ಬೇರೆಯಾಗುತ್ತದೆ ಎಂದು ತೋರಿಸಿದರು. ಅವರ ಲೆಕ್ಕದಲ್ಲಿ ನಿಮಗೆ ಉಪಯೋಗಕ್ಕೆ ಬರುವ ಇನ್ನೊಂದು ಮಾತಿದೆ: ತಟ್ಟೆ ನಿಮಿಷಕ್ಕೆ ಸುಮಾರು 6.5 ಸುತ್ತು ಬರುವಾಗ ಗಾಡಿಯ ಹುಚ್ಚಾಟ ಅತಿ ಹೆಚ್ಚು. ತೀರಾ ನಿಧಾನವಾದರೆ ಗಾಡಿ ಸುಮ್ಮನೆ ತೂಗುತ್ತದೆ. ತೀರಾ ಜೋರಾದರೆ ಭಾರವೆಲ್ಲ ಹೊರಗಡೆಗೆ ಹೋಗಿ ಅಂಟಿಕೊಂಡು ಗಾಡಿ ಅಲ್ಲಾಡುವುದೇ ಇಲ್ಲ. ಬ್ರೇಕ್ ಡ್ಯಾನ್ಸಿನ ಅಳತೆ ಬೇರೆ, ಆದ್ದರಿಂದ 6.5 ಎಂಬ ಅಂಕಿ ಅದಕ್ಕೆ ಹಾಗೇ ಕೂರುವುದಿಲ್ಲ, ತತ್ವ ಕೂರುತ್ತದೆ. "ಜೋರು, ಇನ್ನೂ ಜೋರು" ಎಂದು ಕೂಗುವವರು ತಮ್ಮ ಮಜಾವನ್ನು ತಾವೇ ಕೆಡಿಸಿಕೊಳ್ಳುತ್ತಿರುತ್ತಾರೆ.

ಹೆಚ್ಚು ತಿರುಗಬೇಕೆಂದರೆ ತೂಕದವರು ಜೊತೆಗೂಡಿ, ಒಬ್ಬರಿಗೊಬ್ಬರು ಒತ್ತಿಕೊಂಡು ಒಂದೇ ಪಕ್ಕಕ್ಕೆ ಕೂತುಕೊಳ್ಳಿ. ಗಾಡಿ ಯಾವ ಕಡೆಗೆ ತಿರುಗಲು ಹೊರಟಿತೋ ಆ ಕಡೆಗೇ ಮೈ ವಾಲಿಸಿ. ಎದುರು ವಾಲಿದರೆ ನಿಂತುಬಿಡುತ್ತದೆ. ಕಾಲನ್ನು ಹೊರಗೆ ಚಾಚಿ ತಟ್ಟೆಗೆ ಒದ್ದು ತಿರುಗಿಸುವ ಚಾಳಿ ಕೆಲವರಿಗಿದೆ. ತಟ್ಟೆಗೂ ಗಾಡಿಯ ಅಂಚಿಗೂ ನಡುವಿನ ಸಂದು ನಾಲ್ಕು ಬೆರಳಷ್ಟೂ ಇರುವುದಿಲ್ಲ, ಪಾದ ಅದರೊಳಗೆ ಹೋದರೆ ಬರುವುದು ಪಾದವಾಗಿ ಅಲ್ಲ.

ಮಕ್ಕಳ ಜೊತೆ ಕೂರುವವರಿಗೆ ಒಂದು ಮಾತು. ಟೋರಾ ಟೋರಾ, ಡ್ರ್ಯಾಗನ್ ರೈಲು ಮುಂತಾಗಿ ಒಂದೇ ದಿಕ್ಕಿಗೆ ಸುತ್ತುವ ಯಂತ್ರಗಳಲ್ಲಿ ದೊಡ್ಡವರು ಹೊರಗಡೆ, ಮಗು ಒಳಗಡೆ. ಸುತ್ತು ಎಲ್ಲರನ್ನೂ ಹೊರಕ್ಕೆ ದೂಡುತ್ತದೆ; ಮಗು ಹೊರಗಡೆ ಇದ್ದರೆ ಅಪ್ಪನ ಎಪ್ಪತ್ತು ಕೆ.ಜಿ.ಯೂ ಅದರ ಪಕ್ಕೆಲುಬಿನ ಮೇಲೆ.

ಪ್ರಶ್ನೆ: ಏಳು ವರ್ಷದ ಮಗಳಿಗೆ ಆಗುಂಬೆ ಘಾಟಿ ಇಳಿಯುವಷ್ಟರಲ್ಲಿ ಎರಡು ಸಲ ವಾಂತಿ. ಆದರೆ ಜಾತ್ರೆಯಲ್ಲಿ ತಿರುಗುವುದಕ್ಕೆಲ್ಲ ಹತ್ತಬೇಕೆಂದು ಹಠ. ಹತ್ತಿಸಬಹುದಾ? ಅವೋಮಿನ್ ಕೊಟ್ಟು ಹತ್ತಿಸಿದರೆ ಹೇಗೆ?
– ತಾಯಿ, ತೀರ್ಥಹಳ್ಳಿ

ಉತ್ತರ: ಹತ್ತಿಸಬಹುದು, ಯಾವುದಕ್ಕೆ ಎಂಬುದನ್ನು ನೋಡಿ ಹತ್ತಿಸಿ. ಎರಡರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೇ ಈ ತೊಂದರೆ ಹೆಚ್ಚು, ದೊಡ್ಡವರಾದಂತೆ ಬಹಳ ಮಂದಿಗೆ ಕಡಿಮೆಯಾಗುತ್ತದೆ.

ಒಳಕಿವಿಯಲ್ಲಿ ಅರ್ಧವೃತ್ತಾಕಾರದ ಮೂರು ಸಣ್ಣ ನಾಳಗಳಿವೆ, ಒಳಗೆ ದ್ರವ. ಚೊಂಬನ್ನು ಗಕ್ಕನೆ ತಿರುಗಿಸಿದರೆ ಒಳಗಿನ ನೀರು ಮೊದಲು ಹಿಂದುಳಿದು, ಆಮೇಲೆ ಚೊಂಬಿನ ಜೊತೆಗೇ ಸುತ್ತುತ್ತದಲ್ಲ, ಹಾಗೇ ಇದೂ. ಒಂದೇ ವೇಗದಲ್ಲಿ ಹದಿನೈದಿಪ್ಪತ್ತು ಸೆಕೆಂಡು ತಿರುಗಿದರೆ ದ್ರವ ಹೊಂದಿಕೊಂಡು, ತಿರುಗುತ್ತಿದ್ದೇವೆ ಎಂಬ ಅರಿವೇ ಮಂಕಾಗುತ್ತದೆ. ಯಂತ್ರ ನಿಂತಾಗ ದ್ರವ ಇನ್ನೂ ಸುತ್ತುತ್ತಿರುತ್ತದೆ. ಆಗಲೇ ನೆಲ ಎದುರು ದಿಕ್ಕಿಗೆ ತಿರುಗಿದಂತಾಗುವುದು. ಕಣ್ಣು ಹೇಳುವುದೊಂದು, ಕಿವಿ ಹೇಳುವುದೊಂದು ಆದಾಗ ಹೊಟ್ಟೆ ತೊಳೆಸುತ್ತದೆ.

ಹೀಗಾಗಿ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಸುತ್ತುವ ಕುದುರೆಗಳ ಮೆರ್ರಿ ಗೋ ರೌಂಡ್ ಹೆಚ್ಚಿನ ಮಕ್ಕಳಿಗೆ ತಡೆಯುತ್ತದೆ. ಬ್ರೇಕ್ ಡ್ಯಾನ್ಸ್ ಅತಿ ಕೆಟ್ಟದ್ದು, ಏಕೆಂದರೆ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಕೊಲಂಬಸ್ ಹಡಗು ಸುತ್ತುವುದಿಲ್ಲವಾದರೂ ಹಿಂದೆ ಮುಂದೆ ತೂಗುವುದರಿಂದ ಘಾಟಿಯಲ್ಲಿ ಕಾರುವ ಮಕ್ಕಳಿಗೆ ಅದೂ ಕಷ್ಟವೇ. ಹತ್ತಲೇಬೇಕೆಂದರೆ ತುದಿ ಬೇಡ, ನಡುವಿನ ಸಾಲು.

ತಿರುಗುವಾಗ ತಲೆಯನ್ನು ಅತ್ತಿತ್ತ ಹೊರಳಿಸಬಾರದು, ಕೆಳಗೆ ಬಗ್ಗಿ ನೋಡಲೇಬಾರದು. ಸುತ್ತುತ್ತಿರುವಾಗ ತಲೆ ಬಾಗಿಸಿದರೆ ಒಂದು ನಾಳದ ಸುದ್ದಿ ಇನ್ನೊಂದಕ್ಕೂ ಸೇರಿ ಮಿದುಳಿಗೆ ಪೂರ್ತಿ ಗೊಂದಲ. ತಲೆಯನ್ನು ಹಿಂದಿನ ಒರಗಿಗೆ ಆನಿಸಿ, ಎದುರಿನ ಕಂಬಿಯನ್ನೋ ಪಕ್ಕದವರ ಮುಖವನ್ನೋ ನೋಡುತ್ತಿರಲು ಹೇಳಿ. ಬಸ್ಸಿನಲ್ಲಿ ದೂರದ ಗುಡ್ಡ ನೋಡು ಎನ್ನುವ ಸಲಹೆ ಇಲ್ಲಿ ನಡೆಯದು, ಗುಡ್ಡವೇ ಸುತ್ತುತ್ತಿರುತ್ತದೆ. ಕಣ್ಣು ಮುಚ್ಚುವುದು ಕೆಲವರಿಗೆ ಹಿತ, ಕೆಲವರಿಗೆ ಇನ್ನೂ ಕೆಡುತ್ತದೆ.

ಹೊಟ್ಟೆ ತುಂಬಿರಬಾರದು, ಪೂರ್ತಿ ಖಾಲಿಯೂ ಇರಬಾರದು. ಊಟವಾಗಿ ಒಂದೂವರೆ ಎರಡು ಗಂಟೆ ಕಳೆದಿರಲಿ. ಮಂಡಕ್ಕಿ ಮಿರ್ಚಿ, ಕಬ್ಬಿನ ಹಾಲು, ಐಸ್‌ಕ್ರೀಂ ಎಲ್ಲ ಇಳಿದು ಅರ್ಧ ಗಂಟೆಯಾದ ಮೇಲೆ. ಒಂದು ಯಂತ್ರದಿಂದ ಇಳಿದು ನೇರ ಇನ್ನೊಂದಕ್ಕೆ ಓಡಲು ಬಿಡಬೇಡಿ. ಹದಿನೈದು ನಿಮಿಷ ನಡೆದಾಡಲಿ. "ಎದುರು ದಿಕ್ಕಿಗೆ ನಾಲ್ಕು ಸುತ್ತು ತಿರುಗು, ಸರಿಹೋಗುತ್ತದೆ" ಎಂದು ಹೇಳುವ ಮಾವಂದಿರು ಎಲ್ಲ ಮನೆಯಲ್ಲೂ ಇರುತ್ತಾರೆ. ಅದರಿಂದ ಸಿಗುವುದು ಇನ್ನೊಂದು ಸುತ್ತಿನ ತಲೆಸುತ್ತಷ್ಟೇ.

ಅವೋಮಿನ್ ಎಂದರೆ ಪ್ರೊಮೆಥಜೀನ್. ವಾಂತಿ ತಡೆಯುತ್ತದೆ, ಜೊತೆಗೆ ಗಂಟೆಗಟ್ಟಲೆ ತೂಕಡಿಕೆ ಬರಿಸುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ನಿಮ್ಮ ಮಗಳ ತೂಕಕ್ಕೆ ಎಷ್ಟು ಎಂಬುದನ್ನು ಮಕ್ಕಳ ವೈದ್ಯರೇ ಹೇಳಬೇಕು. ಮೂರು ನಿಮಿಷದ ಆಟಕ್ಕೆ ಅದು ಬೇಡ ಎನ್ನುವುದು ನಮ್ಮ ಅಭಿಪ್ರಾಯ. ತೂಕಡಿಸುವ ಮಗು ಕಂಬಿಯನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ದೊಡ್ಡವರು ನುಂಗಿದರೆ ವಾಪಸು ಬೈಕು ಓಡಿಸಬಾರದು. ಹಸಿಶುಂಠಿ ಚೂರು ಕೆಲವರಿಗೆ ಹಿತವೆನಿಸುತ್ತದೆ, ಎಲ್ಲರಿಗೂ ಅಲ್ಲ.

ಬಡಗುತಿಟ್ಟಿನ ಯಕ್ಷಗಾನದಲ್ಲಿ ವೇಷಧಾರಿಗಳು ಮಂಡಿಯೂರಿ ಅಷ್ಟು ಸುತ್ತು ಹೊಡೆದೂ ಎದ್ದು ನಿಂತು ಅರ್ಥ ಹೇಳುತ್ತಾರಲ್ಲ, ಅದು ರೂಢಿ. ಸ್ವಲ್ಪಸ್ವಲ್ಪವಾಗಿ ಅಭ್ಯಾಸವಾದರೆ ಮಿದುಳು ಈ ಗೊಂದಲವನ್ನು ನಿಭಾಯಿಸಲು ಕಲಿಯುತ್ತದೆ. ಆದರೆ ಅದಕ್ಕೆ ದಿನಾ ಅಭ್ಯಾಸ ಬೇಕು. ವರ್ಷಕ್ಕೊಂದು ಜಾತ್ರೆಯಿಂದ ಸಾಧ್ಯವಿಲ್ಲ.

ಪ್ರಶ್ನೆ: ಸರಪಳಿಗೆ ತೂಗುಹಾಕಿದ ಕುರ್ಚಿಗಳ ತೊಟ್ಟಿಲಲ್ಲಿ ದಪ್ಪಗಿದ್ದವರು ಹೆಚ್ಚು ಹೊರಗೆ ಹಾರುತ್ತಾರೋ, ತೆಳ್ಳಗಿದ್ದವರೋ? ನಮ್ಮ ಮನೆಯಲ್ಲಿ ಪಂದ್ಯ ಕಟ್ಟಿದ್ದೇವೆ.
– ಹೊಸನಗರ

ಉತ್ತರ: ಇಬ್ಬರೂ ಸೋತಿರಿ. ತೂಕಕ್ಕೂ ವಾಲುವಿಕೆಗೂ ಸಂಬಂಧವಿಲ್ಲ. ತೂಕ ಹೆಚ್ಚಾದರೆ ಹೊರಗೆಳೆಯುವ ಬಲವೂ ಕೆಳಗೆಳೆಯುವ ಬಲವೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ಲೆಕ್ಕಕ್ಕೆ ಬರುವುದು ವೇಗ ಮತ್ತು ನಡುಗಂಬದಿಂದ ಇರುವ ದೂರ. ಕುರ್ಚಿ 6 ಮೀಟರ್ ದೂರದಲ್ಲಿ ಸುತ್ತುತ್ತಿದ್ದರೆ ನಿಮಿಷಕ್ಕೆ 8 ಸುತ್ತಿನಲ್ಲಿ ಸರಪಳಿ ಸುಮಾರು 23 ಡಿಗ್ರಿ ವಾಲುತ್ತದೆ, 10 ಸುತ್ತಿನಲ್ಲಿ 34, 12 ಸುತ್ತಿನಲ್ಲಿ 44. ವೇಗ ದುಪ್ಪಟ್ಟಾದರೆ ಹೊರಗೆಳೆತ ನಾಲ್ಕು ಪಟ್ಟು ಎಂಬುದನ್ನು ನೆನಪಿಟ್ಟುಕೊಂಡರೆ, ನಡೆಸುವವನ ಕೈ ಸ್ವಲ್ಪ ಮುಂದೆ ಹೋದರೂ ಏಕೆ ಎದೆ ಝಲ್ಲೆನ್ನುತ್ತದೆ ಎಂಬುದು ಗೊತ್ತಾಗುತ್ತದೆ.

ಎರಡು ಸಾಲು ಕುರ್ಚಿಗಳಿದ್ದರೆ ಹೊರಗಿನದಕ್ಕೆ ಹೋಗಿ, ಅಲ್ಲಿ ಹಾರಾಟ ಹೆಚ್ಚು. ಆದರೆ ಮುಂದಿನ ಕುರ್ಚಿಯನ್ನು ಹಿಡಿದೆಳೆದು ಬಿಡುವುದು, ಸರಪಳಿಯನ್ನು ಹುರಿ ಹಾಕಿಕೊಳ್ಳುವುದು ಬೇಡ. ಹುರಿಯಾದ ಸರಪಳಿಯಲ್ಲಿ ಕೊಂಡಿಗಳು ಓರೆಯಾಗಿ ಕೂತು ಒಂದೇ ಅಂಚಿನ ಮೇಲೆ ಭಾರ ಬೀಳುತ್ತದೆ. ಹತ್ತುವ ಮೊದಲು ನಿಮ್ಮ ಕುರ್ಚಿಯ ಮೇಲ್ತುದಿಯ ಕೊಂಡಿಗಳನ್ನೊಮ್ಮೆ ನೋಡಿ: ಒಂದಕ್ಕೊಂದು ಉಜ್ಜುವ ಜಾಗದಲ್ಲಿ ಕಬ್ಬಿಣ ಸವೆದು ತೆಳ್ಳಗಾಗಿದ್ದರೆ ಬೇರೆ ಕುರ್ಚಿ ಹಿಡಿಯಿರಿ.

ಪ್ರಶ್ನೆ: ಜೈಂಟ್ ವೀಲ್ ಮೇಲಿಂದ ಇಳಿಯುವಾಗ ಹೊಟ್ಟೆಯಲ್ಲಿ ಏನೋ ಎದ್ದು ಬಂದಂತಾಗುತ್ತದೆ. ಹತ್ತುವಾಗ ಇಲ್ಲ. ಏಕೆ?
– ಶಿಕಾರಿಪುರ

ಉತ್ತರ: ನೆತ್ತಿಯಲ್ಲಿ ನೀವು ನಿಜವಾಗಿಯೂ ಹಗುರಾಗುತ್ತೀರಿ, ಸೀಟು ನಿಮ್ಮನ್ನು ಅಷ್ಟಾಗಿ ಒತ್ತುವುದಿಲ್ಲ. 8 ಮೀಟರ್ ತ್ರಿಜ್ಯದ ಚಕ್ರ 10 ಸೆಕೆಂಡಿಗೆ ಒಂದು ಸುತ್ತು ಬಂದರೆ 60 ಕೆ.ಜಿ.ಯ ಮನುಷ್ಯ ನೆತ್ತಿಯಲ್ಲಿ 41 ಕೆ.ಜಿ.ಯವನಂತೆ, ತಳದಲ್ಲಿ 79 ಕೆ.ಜಿ.ಯವನಂತೆ ಸೀಟಿನ ಮೇಲೆ ಕೂತಿರುತ್ತಾನೆ. ಅದೇ ಸುತ್ತು 7 ಸೆಕೆಂಡಿಗೆ ಇಳಿದರೆ ನೆತ್ತಿಯಲ್ಲಿ 21, ತಳದಲ್ಲಿ 99! ನೆತ್ತಿ ದಾಟಿ ಮುಂದಕ್ಕೆ ಜಾರುವ ಆ ಎರಡು ಕ್ಷಣದಲ್ಲಿ ಒಳಗಿನ ಕರುಳು, ಜಠರಕ್ಕೂ ಆಧಾರ ಕಡಿಮೆ. ಹೊಟ್ಟೆ ಎದ್ದಂತೆ ಅನಿಸುವುದು ಅದೇ. 1893ರಲ್ಲಿ ಷಿಕಾಗೋದಲ್ಲಿ ಫೆರಿಸ್ ಕಟ್ಟಿದ ಮೊದಲ ದೈತ್ಯ ಚಕ್ರ 264 ಅಡಿ ಎತ್ತರವಿತ್ತು, 36 ಡಬ್ಬಿಗಳಲ್ಲಿ ಒಂದೊಂದಕ್ಕೆ 60 ಜನ. ಅದು ಎರಡು ಸುತ್ತಿಗೆ 20 ನಿಮಿಷ ತೆಗೆದುಕೊಳ್ಳುತ್ತಿದ್ದುದರಿಂದ ಅಲ್ಲಿ ಯಾರ ಹೊಟ್ಟೆಯೂ ಎದ್ದಿರಲಾರದು. ನಮ್ಮ ಜಾತ್ರೆಯ ಚಕ್ರ ಚಿಕ್ಕದು, ಅವಸರದ್ದು.

ಪ್ರಶ್ನೆ: ಜಾತ್ರೆ ಸಮಿತಿಯಲ್ಲಿದ್ದೇನೆ. ಕೊಯ್ಲಾದ ಗದ್ದೆಯನ್ನು ತೊಟ್ಟಿಲಿನವರಿಗೆ ಬಿಟ್ಟುಕೊಡುತ್ತಿದ್ದೇವೆ. ನಮಗೆ ಯಂತ್ರದ ಜ್ಞಾನವಿಲ್ಲ. ಏನೇನು ನೋಡಬೇಕು?
– ಸೊರಬ

ಉತ್ತರ: ನೆಲದಿಂದ ಶುರು ಮಾಡಿ. ಗದ್ದೆಯ ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಂದಡಿ ಕೆಳಗೆ ಮೆತ್ತಗಿರುತ್ತದೆ. ಹಾರೆ ಹಾಕಿ ನೋಡಿ. ಸಲೀಸಾಗಿ ಇಳಿದರೆ ಆ ಜಾಗ ಮಕ್ಕಳ ಸಣ್ಣ ಯಂತ್ರಕ್ಕೆ ಸಾಕು, ಜೈಂಟ್ ವೀಲ್‌ಗೆ ಬೇಡ. ಅದಕ್ಕೆ ಜಂಬಿಟ್ಟಿಗೆ ನೆಲವೇ ಆಗಬೇಕು. ಕಾಲುಗಳ ಕೆಳಗೆ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಎರಡು ವರಸೆ ಹಾಕಿರಬೇಕು. ಒಂದೇ ಕಲ್ಲು, ಒಡೆದ ಇಟ್ಟಿಗೆ, ತೆಂಗಿನ ತುಂಡು ಇಟ್ಟಿದ್ದರೆ ಒಪ್ಪಬೇಡಿ. ಗಾರೆಯವರ ಲೆವೆಲ್ ಪೈಪ್ ಹಿಡಿದು ನಾಲ್ಕೂ ಮೂಲೆಗಳ ಮಟ್ಟವನ್ನು ಪ್ರತಿದಿನ ಬೆಳಿಗ್ಗೆ ನೋಡಿ, ಮಳೆ ಬಂದರೆ ಆಗಲೇ ನೋಡಿ. ಮಾರ್ಚ್–ಏಪ್ರಿಲ್‌ನಲ್ಲಿ ಸಂಜೆಯ ಗುಡುಗು ಮಳೆ ಒಂದು ಗಂಟೆ ಬಿದ್ದರೆ ಸಾಕು, ಒಂದು ಕಾಲು ಕುಸಿಯುತ್ತದೆ. ಅಚ್ಚು ವಾಲಿ ಎಲ್ಲ ಭಾರ ಒಂದೇ ಬೇರಿಂಗಿಗೆ. ತಿರುಗುವಾಗ ಒಂದೇ ಜಾಗಕ್ಕೆ ಬಂದಾಗ ಪ್ರತಿ ಸುತ್ತಿಗೂ "ಕಿರ್" ಎಂದರೆ ಅದು ಇದರ ಗುರುತು. ಒಂದೇ ಸಮ ಕೇಳುವ ಸದ್ದು ಬಹಳ ಸಲ ಗ್ರೀಸ್ ಸಾಲದ್ದು. ಸುತ್ತಿಗೊಮ್ಮೆ ಬರುವ ಸದ್ದಿಗೆ ಯಂತ್ರ ನಿಲ್ಲಿಸಿಸಿ.

ಜೋಡಣೆಯಲ್ಲಿ ನೋಡಬೇಕಾದ್ದು ಪಿನ್ನು. ಬುಟ್ಟಿ ತೂಗುಹಾಕಿದ ಪ್ರತಿ ಅಚ್ಚಿನ ತುದಿಯಲ್ಲೂ ಸ್ಪ್ಲಿಟ್ ಪಿನ್ ಇರಬೇಕು, ಅದರ ಎರಡೂ ಕಾಲು ಅಗಲಿಸಿ ಬಗ್ಗಿಸಿರಬೇಕು. ಪಿನ್ನಿನ ಜಾಗದಲ್ಲಿ ಮೊಳೆಯನ್ನೋ ಬೈಂಡಿಂಗ್ ವೈರನ್ನೋ ತುರುಕಿದ್ದರೆ ಅಲ್ಲಿಗೇ ಮಾತು ಮುಗಿಸಿ. ಬೋಲ್ಟ್ ಬಿಗಿ ಮಾಡಿದ ಮೇಲೆ ನಟ್ಟಿನಿಂದ ಕಬ್ಬಿಣದವರೆಗೆ ಬಣ್ಣದ ಒಂದು ಗೆರೆ ಎಳೆಸಿ. ಮರುದಿನ ಗೆರೆ ತುಂಡಾಗಿ ಕಂಡರೆ ನಟ್ಟು ಸಡಿಲಗೊಂಡಿದೆ ಎಂದರ್ಥ; ಇದನ್ನು ನೋಡಲು ಯಾವ ಇಂಜಿನಿಯರೂ ಬೇಡ. ವೆಲ್ಡಿಂಗಿನ ಅಂಚಿನುದ್ದಕ್ಕೂ ಕೂದಲಿನಂಥ ತುಕ್ಕಿನ ಗೆರೆ ಕಂಡರೆ ಅದು ಬಿರುಕು. ಹೊಸ ಬಣ್ಣ ಬಳಿದ ಯಂತ್ರವನ್ನು ಕಂಡು ಮರುಳಾಗಬೇಡಿ, ಬಣ್ಣ ಮುಚ್ಚುವುದೇ ಇದನ್ನು.

ವೈರ್ ರೋಪ್‌ನಲ್ಲಿ ಒಂದು ಹುರಿ ಪೂರ್ತಿ ಸುತ್ತಿ ಬರುವಷ್ಟು ಉದ್ದದೊಳಗೆ ಆರು ಎಳೆ ತುಂಡಾಗಿದ್ದರೆ, ಅಥವಾ ಒಂದೇ ಹುರಿಯಲ್ಲಿ ಮೂರು ತುಂಡಾಗಿದ್ದರೆ, ಆ ರೋಪ್ ಬದಲಿಸಬೇಕು. ಬರಿಗೈಯಲ್ಲಿ ಸವರಬೇಡಿ, ಬಟ್ಟೆ ಸುತ್ತಿ ಎಳೆದರೆ ತುಂಡಾದ ಎಳೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ತುದಿ ಮಡಚಿದ ಕಡೆ ಕನಿಷ್ಠ ಮೂರು ಯು ಕ್ಲಾಂಪ್, ಅದೂ ಬಾಗಿದ ಬೋಲ್ಟು ರೋಪಿನ ಗಿಡ್ಡ ತುದಿಯ ಕಡೆಗೆ, ಹಲ್ಲಿನ ತಳ ಭಾರ ಹೊರುವ ಕಡೆಗೆ. ತಿರುವುಮುರುವಾಗಿ ಹಾಕಿದರೆ ಬೋಲ್ಟು ಭಾರದ ರೋಪನ್ನೇ ಕಚ್ಚಿ ನುಜ್ಜುಗುಜ್ಜು ಮಾಡುತ್ತದೆ.

ಜನ ಹತ್ತುವ ಮೊದಲು ಖಾಲಿ ತಿರುಗಿಸಿ, ಆಮೇಲೆ ಸೀಟಿಗೆ 75 ಕೆ.ಜಿ. ಲೆಕ್ಕದಲ್ಲಿ ಮರಳುಚೀಲ ಇಟ್ಟು ತಿರುಗಿಸಿ, ಪೂರ್ತಿ ವೇಗದಲ್ಲಿರುವಾಗ ಬ್ರೇಕ್ ಹಾಕಿಸಿ. ಮಾಲೀಕರಿಗೆ ಈ ಪ್ರಶ್ನೆ ಕೇಳಿ: "ಮೇಲೆ ಜನ ಇರುವಾಗ ಕರೆಂಟ್ ಹೋದರೆ ಹೇಗೆ ಇಳಿಸುತ್ತೀರಿ?" ಬಾಯಲ್ಲಿ ಹೇಳಿದ್ದು ಸಾಲದು, ಮಾಡಿ ತೋರಿಸಲಿ. ಜನರೇಟರಿಗೂ ಮುಖ್ಯ ಪ್ಯಾನೆಲ್ಲಿಗೂ ಅರ್ತಿಂಗ್ ಇರಬೇಕು, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್ಚು) ಇರಬೇಕು. ಟೇಪ್ ಸುತ್ತಿದ ಕೇಬಲ್ ಜೋಡಣೆ ಹುಲ್ಲಿನ ಮೇಲೆ ಬಿದ್ದಿರಬಾರದು. ರಾತ್ರಿ ಇಬ್ಬನಿಗೇ ಅದು ಒದ್ದೆ. ಚಕ್ರದ ಹತ್ತಿರ ಮೆಸ್ಕಾಂ ತಂತಿ ಹಾದುಹೋಗಿದ್ದರೆ ಜಾಗವನ್ನೇ ಬದಲಿಸಿ. ಸ್ಥಳೀಯ ಸಂಸ್ಥೆ, ಪೊಲೀಸ್, ಮೆಸ್ಕಾಂಗಳ ಅನುಮತಿ ಹಾಗೂ ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಕಾಗದದಲ್ಲಿ ಇರಲಿ, ಅದರ ದಿನಾಂಕ ಜಾತ್ರೆ ಮುಗಿಯುವವರೆಗೂ ಇದೆಯೇ ನೋಡಿಕೊಳ್ಳಿ. ಗುಡುಗು ಕೇಳಿದರೆ, ಗಾಳಿ ಎದ್ದರೆ ಯಂತ್ರ ನಿಲ್ಲಿಸುವ ಅಧಿಕಾರ ಸಮಿತಿಯ ಒಬ್ಬರ ಕೈಯಲ್ಲಿರಲಿ, ಅದನ್ನು ಕರಾರಿನಲ್ಲೇ ಬರೆಯಿಸಿ.

ಪ್ರಶ್ನೆ: ಜಡೆ, ಸೆರಗು ಇದ್ದವರು ಜೈಂಟ್ ವೀಲ್ ಹತ್ತಬಾರದು ಎನ್ನುತ್ತಾರೆ, ನಿಜವಾ?
– ರಿಪ್ಪನ್‌ಪೇಟೆ

ಉತ್ತರ: ಹತ್ತಬಹುದು, ಕಟ್ಟಿಕೊಂಡು ಹತ್ತಬೇಕು. ಬುಟ್ಟಿ ನೇರವಾಗಿ ತೂಗುತ್ತಿದ್ದರೂ ಅದನ್ನು ಹೊತ್ತ ಅಚ್ಚು ಚಕ್ರದ ಜೊತೆ ತಿರುಗುತ್ತದೆ, ಅದು ಇರುವುದು ತಲೆಯ ಮಟ್ಟದ ಆಸುಪಾಸಿನಲ್ಲೇ. ಗಾಳಿಗೆ ಹಾರಿದ ಕೂದಲು ಅದಕ್ಕೆ ಒಂದು ಸುತ್ತು ಸಿಕ್ಕಿದರೆ ಮೋಟಾರು ನಿಲ್ಲುವವರೆಗೆ ಎಳೆಯುತ್ತಲೇ ಇರುತ್ತದೆ, ತಲೆಯ ಚರ್ಮ ಕಿತ್ತು ಬಂದ ಪ್ರಕರಣಗಳಿವೆ. ಬಿಟ್ಟ ಕೂದಲನ್ನೂ ಉದ್ದ ಜಡೆಯನ್ನೂ ತುರುಬು ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ವೇಲನ್ನು ಬಿಚ್ಚಿ ಚೀಲಕ್ಕೆ ಹಾಕಿ. ಅಚ್ಚಿಗೆ ಮುಚ್ಚಳವಿಲ್ಲದ ಬುಟ್ಟಿಯಾದರೆ ಹತ್ತಬೇಡಿ.

ಪ್ರಶ್ನೆ: ಮೇಲಿನಿಂದ ಫೋಟೊ ತೆಗೆಯಬಾರದು ಎಂದು ಏಕೆ ಬೈಯುತ್ತಾರೆ?
– ಭದ್ರಾವತಿ

ಉತ್ತರ: 15 ಮೀಟರ್ ಎತ್ತರದಿಂದ ಬಿದ್ದ ಮೊಬೈಲು ಕೆಳಗಿನವರ ತಲೆಗೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ತಾಗುತ್ತದೆ. ಕನ್ನಡಕ, ಹಲ್ಲಿನ ಸೆಟ್ಟು, ಕೀಲಿಕೈ ಗೊಂಚಲನ್ನೂ ಕೆಳಗಿದ್ದವರ ಕೈಗೇ ಕೊಟ್ಟು ಹತ್ತಿ.

ಪ್ರಶ್ನೆ: ನಾಲ್ಕು ತಿಂಗಳ ಗರ್ಭಿಣಿ, ನಿಧಾನದ ತೊಟ್ಟಿಲಾದರೂ ಆಗುತ್ತದಾ?
– ಕೊಪ್ಪ

ಉತ್ತರ: ಬೇಡ. ಹೃದಯದ ತೊಂದರೆ, ಮೂರ್ಛೆರೋಗ, ಕತ್ತು–ಬೆನ್ನಿನ ನೋವು, ಇತ್ತೀಚಿನ ಶಸ್ತ್ರಚಿಕಿತ್ಸೆ ಇರುವವರಿಗೂ, ಕುಡಿದು ಬಂದವರಿಗೂ ಇದೇ ಉತ್ತರ.

ಪ್ರಶ್ನೆ: ಅರ್ಧದಲ್ಲಿ ಭಯವಾದರೆ ನಿಲ್ಲಿಸಲು ಹೇಳುವುದು ಹೇಗೆ? ಕೂಗಿದರೆ ಖುಷಿಗೆ ಕೂಗುತ್ತಾರೆ ಅಂದುಕೊಂಡು ಇನ್ನೂ ಜೋರು ಮಾಡುತ್ತಾರೆ.
– ಶಿವಮೊಗ್ಗ

ಉತ್ತರ: ಸರಿಯಾಗಿ ಹೇಳಿದಿರಿ, ಹಾಡಿನ ಅಬ್ಬರದಲ್ಲಿ ಕೂಗು ಕೆಲಸಕ್ಕೆ ಬಾರದು. ಕೆಳಗೆ ನಿಮ್ಮವರೊಬ್ಬರು ನಡೆಸುವವನ ಪಕ್ಕದಲ್ಲೇ ನಿಂತಿರಲಿ, ನೀವು ಒಂದು ಕೈಯಲ್ಲಿ ಕಂಬಿ ಹಿಡಿದೇ ಇನ್ನೊಂದು ಅಂಗೈಯನ್ನು ತಲೆಯ ಮೇಲೆ ಅಡ್ಡಡ್ಡ ಬೀಸಿದರೆ ಅವರು ಹೇಳಿ ನಿಲ್ಲಿಸಲಿ. ಹತ್ತುವ ಮೊದಲೇ ಈ ಗುರುತು ಮಾತಾಡಿಕೊಳ್ಳಿ. ಯಂತ್ರ ಪೂರ್ತಿ ನಿಂತು, ಕಂಬಿಯನ್ನು ಅವರೇ ಬಿಚ್ಚುವವರೆಗೆ ಏಳಬೇಡಿ. ತಲೆಸುತ್ತಿನಲ್ಲಿ ಮೆಟ್ಟಿಲು ತಪ್ಪಿ ಬೀಳುವುದು ಇಳಿಯುವಾಗಲೇ.

ಟಿಕೆಟ್ ತೆಗೆದುಕೊಳ್ಳುವ ಮುನ್ನ ಒಂದು ಆಟ ಪೂರ್ತಿ ನಿಂತು ನೋಡಿ. ಪ್ರತಿ ಸೀಟಿನ ಕಂಬಿಯನ್ನೂ ಕೈಯಿಂದ ಅಲ್ಲಾಡಿಸಿ ನೋಡಿಯೇ ಹೊರಡಿಸುತ್ತಾನಾ, ಬುಟ್ಟಿಗಳನ್ನು ಎದುರುಬದುರು ತುಂಬುತ್ತಾನಾ, ಓಡುತ್ತಿರುವಾಗ ಕಣ್ಣು ಯಂತ್ರದ ಮೇಲಿದೆಯಾ, ಮೊಬೈಲ್ ಮೇಲಿದೆಯಾ? ಒಂದೇ ಪಕ್ಕಕ್ಕೆ ಭಾರ ತುಂಬಿ ಹೊರಡಿಸುವವನ ಚಕ್ರ ಬ್ರೇಕ್ ಹಾಕಿದರೂ ಜಾರುತ್ತದೆ. ಹೋಗುವುದಾದರೆ ಸಂಜೆ ಏಳರೊಳಗೆ ಹೋಗಿ. ಮಾರಿಜಾತ್ರೆಯಲ್ಲಿ ಯಂತ್ರಗಳು ನಡುರಾತ್ರಿ ಮೀರಿ ಓಡುತ್ತವೆ, ಬೆಳಿಗ್ಗೆಯಿಂದ ಅಲ್ಲೇ ನಿಂತ ಹುಡುಗರು ಆ ಹೊತ್ತಿಗೆ ನಿದ್ದೆಗಣ್ಣಿನಲ್ಲಿ ಕಂಬಿ ಹಾಕುತ್ತಿರುತ್ತಾರೆ.